ವೇಷ ಬ್ಯಾರೆ, ಮನಿಷ್ಯಾ ಬ್ಯಾರೆ: ಸೊಲ್ಲಾಪುರದ ನಟ ಅತುಲ್ ಕುಲಕರ್ಣಿ

ಈ ಸಲದ ಪುಸ್ತಕಕ್ಕೆ ನಮ್ಮ ಭಾಗದ ಒಬ್ಬ ಕಲಾವಿದರ ಇತಿಹಾಸ ಬರೀರಿ ಅಂತ ವಾಚನಾಲಯದ ಹುಡುಗರು ನನಗೆ ಹೇಳಿದರು. ನಾನು ಏಳನೇ ಇಯತ್ತೆ ಕಲಿತವ. ಹೊಲಾ ಮಾಡಾಂವ, ಗೀಗೀ ಪದ ಹಾಡಾಂವ. ಬರಿಯೋದಕ್ಕಿಂತ ಹಾಡೋದು ನನಗೆ ಸಸಾರ. ಆದರೂ ಒಂದು ಮಾತು ಬಾಳ ದಿವಸದಿಂದ ಹೊಟ್ಯಾಗ ಕುಂತಿತ್ತು. ಅದನ್ನ ಹೇಳಲಿಕ್ಕೆ ಈ ನೆಪ ಸಿಕ್ಕಿತು ಅಂತ ಒಪ್ಪಿಕೊಂಡೆ.

ನಾನು ಬರಿಯೋದು ಸೊಲ್ಲಾಪುರದಾಗ ಬೆಳೆದ ನಟ ಅತುಲ್ ಕುಲಕರ್ಣಿ ಅವರ ಬಗ್ಗೆ. ಅವರನ್ನ ನಾನು ಎದುರಿಗೆ ಕಂಡವನಲ್ಲ, ಮಾತಾಡಿಸಿದವನೂ ಅಲ್ಲ. ಪಡದೆ ಮ್ಯಾಲ ಕಂಡೀನಿ, ನಮ್ಮ ವಾಚನಾಲಯಕ್ಕೆ ಬರೋ ಮರಾಠಿ ಪೇಪರದಾಗ ಓದೀನಿ, ಸೊಲ್ಲಾಪುರದಾಗ ನೌಕರಿ ಮಾಡೋ ನನ್ನ ಮಗನಿಂದ ಕೇಳೀನಿ. ಅಷ್ಟೇ ನನ್ನ ಬಂಡವಾಳ.

ಮೊದಲ ನಮ್ಮ ಸೀಮೆಯ ಸಂಗತಿ ಹೇಳಬೇಕು. ಅಕ್ಕಲಕೋಟ ಮೊದಲು ಭೋಸಲೆ ರಾಜರ ಸಂಸ್ಥಾನ. 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ಕ್ಕೆ ರಾಜ್ಯಗಳು ಹೊಸದಾಗಿ ಆದಾಗ ಬೆಳಗಾವಿ ಮೈಸೂರು ರಾಜ್ಯಕ್ಕೆ ಹೋಯಿತು, ಸೊಲ್ಲಾಪುರ ಮತ್ತು ನಮ್ಮ ತಾಲೂಕು ಮುಂಬಯಿ ರಾಜ್ಯದಾಗ ಉಳಿದವು. 1960ರ ಮೇ 1ಕ್ಕೆ ನಾವು ಮಹಾರಾಷ್ಟ್ರದವರಾದೆವು. ನಾಗಣಸೂರ, ತೋಳನೂರ, ಕರಜಗಿ, ಮೈಂದರ್ಗಿ, ದುಧನಿ, ಎಲ್ಲಿಗೆ ಹೋದರೂ ಮನಿ ಮಾತು ಕನ್ನಡ, ಕಚೇರಿ ಮಾತು ಮರಾಠಿ. ಬೆಳಗಾವ್ಯಾಗ ಅದಕ್ಕೆ ತಿರುಗಾಮುರುಗಾ. ಈ ಎರಡೂ ಊರಿನ ಹೆಸರು ಪೇಪರದಾಗ ಗಡಿ ತಂಟೆಕ್ಕ ಬರತಾವ, ಕಲೆಗೆ ಬರೋದು ಕಡಿಮಿ. ಅತುಲ್ ಕುಲಕರ್ಣಿ ಅವರು ಹುಟ್ಟಿದ್ದು ಬೆಳಗಾವ್ಯಾಗ, 1965ರ ಸಪ್ಟೆಂಬರ್ 10ಕ್ಕೆ. ಬೆಳೆದಿದ್ದು ಸೊಲ್ಲಾಪುರದಾಗ. ಅಂದರ ಗಡಿಯ ಎರಡೂ ದಂಡಿ ಅವರ ಜೀವನದಾಗ ಮೊದಲೇ ಕೂಡಿದ್ದವು. ವಯಸ್ಸಿನಾಗ ನನಗಿಂತ ನಾಕೈದು ವರ್ಷ ಸಣ್ಣವರು.

ಅವರು ಸಾಲಿ ಕಲಿತದ್ದು ಸೊಲ್ಲಾಪುರದ ಹರಿಭಾಯಿ ದೇವಕರಣ ಹೈಸ್ಕೂಲಿನಾಗ. ಮುಂದ ಇಂಜಿನಿಯರಿಂಗ್ ಕಲೀಲಿಕ್ಕೆ ಪುಣೆಗೆ ಹೋಗಿ, ಅದನ್ನ ನಡುವೇ ಬಿಟ್ಟರು. ತಿರುಗಿ ಸೊಲ್ಲಾಪುರಕ್ಕೆ ಬಂದು ಡಿ.ಎ.ವಿ. ಕಾಲೇಜಿನಾಗ ಇಂಗ್ಲಿಷ್ ಸಾಹಿತ್ಯಕ್ಕೆ ಹೆಸರು ಹಚ್ಚಿದರು. ನಮ್ಮ ಊರಾಗ ಯಾರದರೆ ಮಗ ಇಂಜಿನಿಯರಿಂಗ್ ಬಿಟ್ಟು ಬಂದರ ಏನಾಗತದ, ವಿಚಾರ ಮಾಡ್ರಿ. ಮನ್ಯಾಗ ಸೂತಕ ಆದಂಗ ಕೂಡತಾರ. ಅವರ ಮನ್ಯಾಗ ಏನಾಯಿತು ಅನ್ನೋದು ಅವರ ಮನಿ ಮಾತು. ಆದರ ಬಿಟ್ಟು ಬಂದ ಹುಡುಗ ಸುಮ್ಮ ಕೂಡಲಿಲ್ಲ. ‘ನಾಟ್ಯ ಆರಾಧನಾ’ ಅನ್ನೋ ಸೊಲ್ಲಾಪುರದ ಹವ್ಯಾಸಿ ನಾಟಕ ತಂಡಕ್ಕೆ ಸೇರಿದ. ಪಾರ್ಟು ಮಾಡಿದ, ನಾಟಕ ಕೂಡಿಸಿದ, ಪಡದೆ ಹಿಂದಿನ ಕೆಲಸಾನೂ ಮಾಡಿದ. ಮಹಾರಾಷ್ಟ್ರ ಸರಕಾರ ನಡೆಸೋ ರಾಜ್ಯ ನಾಟ್ಯ ಸ್ಪರ್ಧೆಯೊಳಗ ಬಹುಮಾನ ತಗೊಂಡ.

ಸೊಲ್ಲಾಪುರದ ನಾಟಕದ ಗಾಳಿ ಹೊಸಬರಿಗೆ ತಿಳೀಲಿಕ್ಕಿಲ್ಲ, ಅದಕ್ಕೆ ಎರಡು ಮಾತು. ಆ ಊರಾಗ ಗಿರಣಿ ಕೂಲಿಕಾರರು, ತೆಲುಗು ಮಾತಾಡೋ ನೇಕಾರರು, ಕನ್ನಡದ ಲಿಂಗಾಯತರು, ಮರಾಠಿಗರು, ಉರ್ದು ಮಾತಾಡೋ ಮುಸಲ್ಮಾನರು ಎಲ್ಲಾರೂ ಕೂಡಿ ಇದ್ದಾರ. ಶಿವಯೋಗಿ ಸಿದ್ಧರಾಮನ ಜಾತ್ರ್ಯಾಗ ನಂದಿಧ್ವಜ ಏಳುವಾಗ ಯಾರು ಯಾವ ಮಾತಿನವರು ಅಂತ ಯಾರೂ ಕೇಳೂದಿಲ್ಲ. ನಾಟಕ ಆಡೋ ಅಲ್ಲಿಯ ದೊಡ್ಡ ಮಂದಿರದ ಹೆಸರು ಹುತಾತ್ಮಾ ಸ್ಮೃತಿ ಮಂದಿರ. 1930ರ ಮೇ ತಿಂಗಳಾಗ ಸೊಲ್ಲಾಪುರ ಎದ್ದು ನಿಂತಾಗ ಇಂಗ್ರಜರು ಮಾರ್ಷಲ್ ಲಾ ಹೇರಿದರು. 1931ರ ಜನೆವರಿ 12ಕ್ಕೆ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ ಹುಸೇನ, ಜಗನ್ನಾಥ ಶಿಂಧೆ, ಶ್ರೀಕಿಸನ ಸಾರಡಾ ಈ ನಾಲ್ಕೂ ಮಂದಿಯನ್ನ ಯರವಡಾ ಜೈಲಿನಾಗ ಗಲ್ಲಿಗೇರಿಸಿದರು. ಆ ನಾಲ್ವರ ಹೆಸರಿನ ಮಂದಿರದಾಗ ಇವತ್ತೂ ನಾಟಕ ಆಡತಾರ. ಇಂಥ ಊರಾಗ ಬೆಳೆದವನಿಗೆ ಇನ್ನೊಬ್ಬರ ಮಾತು, ಇನ್ನೊಬ್ಬರ ನಡಿಗಿ ಹಿಡಿಯೋದು ಸಣ್ಣಂದಿನಿಂದ ಕಿವಿಗೂ ಕಣ್ಣಿಗೂ ರೂಢಿ ಆಗಿರತದ ಅಂತ ನನಗ ಅನಸತದ.

ಅತುಲ್ ಅವರಿಗೆ ಸ್ಪರ್ಧೆಯ ಬಹುಮಾನ ಸಾಕಾಗಲಿಲ್ಲ. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗಿ ಕಲಿತರು. 1995ರಲ್ಲಿ ಅಲ್ಲಿಂದ ಹೊರಗ ಬಂದಾಗ ಅವರಿಗೆ ಮೂವತ್ತು ತುಂಬತಿತ್ತು. ನಮ್ಮ ಊರಾಗ ಆ ವಯಸ್ಸಿಗೆ ಎರಡು ಮಕ್ಕಳ ತಂದಿ ಆಗಿ, ಸೊಸಾಯಿಟಿ ಸಾಲದ ಕಂತು ತುಂಬತಿರತಾರ. ಆ ವಯಸ್ಸಿಗೆ ಅವರು ಕೆಲಸ ಸುರು ಮಾಡಿದರು.

ಮರಾಠಿ ರಂಗಭೂಮಿ ಮ್ಯಾಲ ಅವರ ಹೆಸರು ಎದ್ದದ್ದು ‘ಗಾಂಧಿ ವಿರುದ್ಧ ಗಾಂಧಿ’ ನಾಟಕದಿಂದ. ಅಜಿತ ದಳವಿ ಬರೆದದ್ದು, ಚಂದ್ರಕಾಂತ ಕುಲಕರ್ಣಿ ಆಡಿಸಿದ್ದು. ಮಹಾತ್ಮಾ ಗಾಂಧಿ ಮತ್ತು ಅವರ ಹಿರೇ ಮಗ ಹರಿಲಾಲ, ಇವರಿಬ್ಬರ ನಡುವಿನ ಸಂಕಟ ಅದರೊಳಗ ಅದ. ದೇಶಕ್ಕೆಲ್ಲಾ ತಂದಿ ಆದವರು ಸ್ವಂತ ಮಗನಿಗೆ ತಂದಿ ಆಗಲಿಲ್ಲೇನು ಅನ್ನೋ ಪ್ರಶ್ನೆ ಅದು. ಗಾಂಧೀಜಿ ಪಾರ್ಟು ಅತುಲ್ ಅವರದು.

ಅದಾದ ಮ್ಯಾಲ 2000ನೇ ಇಸ್ವಿಯೊಳಗ ಕಮಲಹಾಸನರ ‘ಹೇ ರಾಮ್’ ಸಿನೆಮಾ ಬಂತು. ಅದರಾಗ ಇವರು ಮಾಡಿದ್ದು ಶ್ರೀರಾಮ ಅಭ್ಯಂಕರ ಅನ್ನೋ ಪಾರ್ಟು. ಗಾಂಧೀಜಿಯನ್ನ ಕೊಲ್ಲಬೇಕು ಅಂತ ನಾಯಕನ ತಲ್ಯಾಗ ತುಂಬಾಂವ ಅಂವ. ನೋಡ್ರಿ, ನಾಟಕದಾಗ ಗಾಂಧಿ ಆದವನೇ ಸಿನೆಮಾದಾಗ ಗಾಂಧಿಯನ್ನ ಕೊಲ್ಲಸಲಿಕ್ಕೆ ನಿಂತ. ಎರಡಕ್ಕೂ ಅದೇ ಮೈ, ಅದೇ ದನಿ. ಈ ‘ಹೇ ರಾಮ್’ ಪಾರ್ಟಿಗೇ ಅವರಿಗೆ ಒಳ್ಳೆಯ ಪೋಷಕ ನಟ ಅಂತ ರಾಷ್ಟ್ರ ಪ್ರಶಸ್ತಿ ಬಂತು. ಮುಂದ 2001ರ ‘ಚಾಂದನಿ ಬಾರ್’ ಸಿನೆಮಾದಾಗ ಮುಂಬಯಿಯ ಗುಂಡಾನ ಪಾರ್ಟು ಮಾಡಿ ಅದೇ ಪ್ರಶಸ್ತಿ ಎರಡನೇ ಸಲ ತಗೊಂಡರು.

ಗೀಗೀ ಮೇಳದವರಿಗೆ ಇದು ತಿಳಿದ ವಿದ್ಯಾ. ನಮ್ಮಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಅಂತ ವಾದ ಹಾಕತಾರ, ನಾಗೇಶಿಯವರು ಹೆಣ್ಣು ಹೆಚ್ಚು ಅಂತ. ರಾತ್ರಿಯೆಲ್ಲಾ ದಪ್ಪು ಬಡದು, ತುಂತುಣಿ ಮೀಟಿ, ಸವಾಲ್ ಜವಾಬ್ ಮಾಡಿ, ಬೆಳಗಾದ ಮ್ಯಾಲ ಎರಡೂ ಮೇಳದವರು ಒಂದೇ ಪಂಕ್ತ್ಯಾಗ ಕುಂತು ಹುಗ್ಗಿ ಉಣತೀವಿ. ಹಾಡಿದ್ದು ಪಕ್ಷದ ಮಾತು, ಉಂಡಿದ್ದು ಮನಿಷ್ಯಾರು. ವೇಷ ಬ್ಯಾರೆ, ಮನಿಷ್ಯಾ ಬ್ಯಾರೆ. ಇದು ತಿಳಿದಂಗ ನಾವು ಮಾತಾಡತೀವಿ. ಖರೇನೇ ತಿಳಿದೀವೇನು ಅನ್ನೋದನ್ನ ಮುಂದ ಹೇಳತೀನಿ.

ನಮ್ಮ ಕನ್ನಡದ ಮಂದಿಗೆ ಗೊತ್ತಿರಬೇಕಾದ ಇನ್ನೊಂದು ಸಂಗತಿ. ಅವರ ಸಿನೆಮಾ ಕೆಲಸ ಸುರು ಆದ ದಿವಸದಾಗೇ ಕನ್ನಡ ಅದ. 1997ರಲ್ಲಿ ಕೇಸರಿ ಹರವೂ ಅವರು ಮಾಡಿದ ‘ಭೂಮಿಗೀತ’ದಾಗ ಅವರು ಇದ್ದಾರ. ಡ್ಯಾಮ್ ಕಟ್ಟುವಾಗ ನೆಲ ಕಳಕೊಳ್ಳೋ ಕಾಡಿನ ಜನರ ಕಥಿ ಅದು. ಪರಿಸರದ ವಿಷಯಕ್ಕೆ ಆ ಸಿನೆಮಾಕ್ಕ ರಾಷ್ಟ್ರ ಪ್ರಶಸ್ತಿ ಬಂದದ. ಬಾಂವಿ ನೀರು, ಡ್ಯಾಮಿನ ನೀರು ಎರಡನ್ನೂ ನಂಬಿದ ನಮ್ಮಂಥ ರೈತರು ನೋಡಬೇಕಾದ್ದು. 2007ರ ‘ಆ ದಿನಗಳು’ ಸಿನೆಮಾದಾಗ ಅಗ್ನಿ ಶ್ರೀಧರ ಅವರ ಪಾರ್ಟು ಮಾಡಿದರು. 2012ರಲ್ಲಿ ಸುಮನಾ ಕಿತ್ತೂರು ಅವರ ‘ಎದೆಗಾರಿಕೆ’ಯಲ್ಲೂ ಬಂದರು. ಹಿಂದಿ, ತಮಿಳು, ತೆಲುಗು, ಮಲಯಾಳಂ ಎಲ್ಲಾ ಕಡೆ ಕೆಲಸ ಮಾಡ್ಯಾರ. 2006ರ ‘ರಂಗ್ ದೇ ಬಸಂತಿ’ಯಲ್ಲಿ ಕ್ರಾಂತಿಕಾರಿ ರಾಮಪ್ರಸಾದ ಬಿಸ್ಮಿಲ್ ಆದವರು ಇವರೇ. ಮರಾಠಿಯ ‘ದೇವರಾಈ’ಯಲ್ಲಿ ತಲಿ ಕೆಟ್ಟು ನರಳಾಡೋ ಮನಿಷ್ಯಾ ಆದರು. 2008ರ ‘ವಳೂ’ದಾಗ ಊರಿನ ಬಿಡಾಡಿ ಗೂಳಿ ಹಿಡೀಲಿಕ್ಕೆ ಬಂದ ಫಾರೆಸ್ಟ್ ಸಾಹೇಬ ಆದರು. ಆ ಗೂಳಿ ಸಿನೆಮಾ ನಮ್ಮ ಹುಡುಗರು ಮೊಬೈಲಿನಾಗ ಹಾಕಿ ತೋರಿಸಿದಾಗ ಕಟ್ಟಿ ಮ್ಯಾಲ ಕುಂತ ಮುದುಕರೆಲ್ಲಾ ಹೊಟ್ಟಿ ಹಿಡಕೊಂಡು ನಕ್ಕೆವು. ಅಂಥದೇ ಒಂದು ಗೂಳಿ ನಮ್ಮ ಜ್ವಾಳದಾಗೂ ಹೊಕ್ಕಿತ್ತು.

ಈಗಿನ ಮಂದಿ ಮನ್ಯಾಗ ಕುಂತು ನೋಡೋ ಧಾರಾವಾಹಿ ಒಳಗೂ ಅವರು ಬಂದಾರ. 2019ರ ‘ಸಿಟಿ ಆಫ್ ಡ್ರೀಮ್ಸ್’ದಾಗ ರಾಜಕಾರಣದ ಮನೆತನದ ಹಿರಿಯ, 2020ರ ‘ಬಂದಿಶ್ ಬ್ಯಾಂಡಿಟ್ಸ್’ದಾಗ ಗವಾಯಿ. ಅವರ ಮನಿಯವರು ಗೀತಾಂಜಲಿ ಕುಲಕರ್ಣಿ ಅವರೂ ದೊಡ್ಡ ನಟಿ. ಅವರೂ ಅದೇ ನಾಟಕ ಶಾಲ್ಯಾಗ ಕಲಿತವರು. ‘ಗುಲ್ಲಕ್’ ಧಾರಾವಾಹಿಯೊಳಗಿನ ತಾಯಿ ಪಾರ್ಟು ನಮ್ಮ ಮನಿ ಹೆಣ್ಣುಮಕ್ಕಳಿಗೆಲ್ಲಾ ಬಾಯಿಪಾಠ ಅದ.

ಇಷ್ಟು ಅವರ ಜೀವನದ ಹಾದಿ. ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರತೀನಿ. ಅದು ‘ನಟರಂಗ’ ಸಿನೆಮಾ.

2010ರ ಜನೆವರಿ 1ಕ್ಕೆ ಬಂದ ಮರಾಠಿ ಸಿನೆಮಾ ಅದು. ರವಿ ಜಾಧವ ಮಾಡಿದ್ದು. ಕಾಗಲ್ ಕಡೆಯ ಆನಂದ ಯಾದವ ಅವರ ಕಾದಂಬರಿ ಅದಕ್ಕ ಮೂಲ. ಗುಣಾ ಅನ್ನೋ ಕೂಲಿ ಮನಿಷ್ಯಾ. ಪೈಲವಾನನಂಥ ಮೈ. ತಮಾಶಾದ ಹುಚ್ಚು. ತಾನೇ ಕಥಿ ಕಟ್ಟತಾನ, ರಾಜನ ಪಾರ್ಟು ಮಾಡಬೇಕು ಅಂತ ಆಸೆ. ಗೆಳೆಯರನ್ನ ಕೂಡಿಸಿ ಫಡ ಕಟ್ಟತಾನ. ಕುಣಿಯೋ ಹೆಣ್ಣುಮಗಳು ಬರತಾಳ. ಆದರ ಮೇಳಕ್ಕೆ ಒಬ್ಬ ನಾಚ್ಯಾ ಬೇಕು ಅಂತಾಳ. ನಾಚ್ಯಾ ಅಂದರ ಹೆಣ್ಣಿನ ಹಾವಭಾವ ಮಾಡಿ ಕುಣಿಯೋ ಗಂಡಸು. ಯಾರೂ ಒಪ್ಪೂದಿಲ್ಲ. ಕಡೀಕೆ ಗುಣಾನೇ ಮೈ ಇಳಿಸಿ, ಮೀಸಿ ತಗದು, ನಾಚ್ಯಾ ಆಗತಾನ. ಮೇಳ ಹೆಸರು ಗಳಸತದ. ಗುಣಾನ ಹೆಸರು ಮಣ್ಣಾಗತದ. ಊರ ಮಂದಿ ನಗತಾರ, ಹೆಂಡತಿ ತಲಿ ಎತ್ತದಂಗ ಆಗತದ, ಕೇಡಿಗರು ಅವನ ಮೈಮ್ಯಾಲ ಮಾಡಬಾರದ್ದು ಮಾಡತಾರ.

ಈ ಪಾರ್ಟಿಗೆ ಅತುಲ್ ಅವರು ಮೊದಲ ಗರಡಿ ಮನಿ ಪೈಲವಾನನಂಗ ಮೈ ಬೆಳೆಸಿದರು, ಆಮ್ಯಾಲ ನಾಚ್ಯಾ ಆಗಲಿಕ್ಕೆ ಅದೇ ಮೈ ಕರಗಿಸಿದರು. ಬೆಳಿ ತಗಿಯೋದು ಒಂದು ಕಷ್ಟ. ಕಷ್ಟಪಟ್ಟು ತಗದ ಬೆಳಿ ತಾನೇ ಕಿತ್ತು ಮತ್ತೊಂದು ಬಿತ್ತೋದು ಇನ್ನೊಂದು ಕಷ್ಟ. ರೈತರಿಗೆ ಇದು ತಿಳೀತದ.

ನಾನು ಆ ಸಿನೆಮಾ ಸೊಲ್ಲಾಪುರದ ಥೇಟರದಾಗ ನೋಡಿದೆ. ಸಂಗಾಟ ಹಳೇ ಗೆಳೆಯ ಒಬ್ಬ ಇದ್ದ. ಅರ್ಧಕ್ಕೆ ಬರೋದರಾಗ ನಾನು ಟಾವೆಲ್ಲಿನಿಂದ ಬಾಯಿ ಮುಚಕೊಂಡು ಅಳಾಕ ಹತ್ತಿದ್ದೆ. ಗೆಳೆಯ ಏನೂ ಕೇಳಲಿಲ್ಲ. ಅವನಿಗೆ ಗೊತ್ತಿತ್ತು. ಮೂವತ್ತು ವರ್ಷದ ಹಿಂದ ನಮ್ಮೂರ ಜಾತ್ರ್ಯಾಗ ನಾಟಕ ಆಡಿದಾಗ ಅಂವ ನಾಯಕ, ನಾನು ನಾಯಕಿ.

ಆಗ ಹೊರಗಿನಿಂದ ಹೆಣ್ಣು ಪಾರ್ಟಿನವರನ್ನ ಕರಸಲಿಕ್ಕೆ ನಮ್ಮ ಹುಡುಗರ ಕಡೆ ರೊಕ್ಕ ಇರಲಿಲ್ಲ. ನನ್ನ ದನಿ ಸಣ್ಣದಿತ್ತು. ಪೇಟಿ ಮಾಸ್ತರರು "ನೀನೇ ಮಾಡು" ಅಂದರು. ಎರಡು ತಿಂಗಳ ತಾಲೀಮು ಮಾಡಿದೆ. ಅವ್ವನ ಇಳಕಲ್ ಸೀರಿ ಉಟ್ಟೆ. ಆ ರಾತ್ರಿ ಗಂಡ ಬಿಟ್ಟ ಹೆಣ್ಣಿನ ಹಾಡು ಹಾಡಿದಾಗ ಮುಂದ ಕುಂತ ಮುದುಕೇರು ಸೆರಗಿಲೆ ಕಣ್ಣು ಒರಸಿಕೊಂಡರು. ಅಷ್ಟು ಚೆಂದ ನಾ ಮತ್ತೆಂದೂ ಹಾಡಿಲ್ಲ.

ಮರುದಿವಸದಿಂದ ನನ್ನ ಹೆಸರು ಹೋಗಿ ಆ ಪಾರ್ಟಿನ ಹೆಸರು ಬಂತು. ಬಾಂವಿ ಕಡೆ ಹೋದರ ಸಿಳ್ಳಿ, ಬಜಾರಕ್ಕೆ ಹೋದರ ಸಿಳ್ಳಿ. ಅಪ್ಪ ದನದ ಹಗ್ಗದಿಂದ ಹೊಡೆದ. ನಿಶ್ಚಯ ಆಗಬೇಕಾದ ಒಂದು ಸಂಬಂಧ ಮುರೀತು. "ಸೀರಿ ಉಡಾಂವಗ ನಾವು ಹೆಣ್ಣ ಕೊಡೂದಿಲ್ಲ" ಅಂದರು. ನಾನು ಮೀಸಿ ಬಿಟ್ಟೆ, ದಪ್ಪು ಹಿಡಿದೆ, ಹರದೇಶಿ ಮೇಳ ಸೇರಿದೆ. ಗಂಡೇ ಹೆಚ್ಚು ಅಂತ ನಲವತ್ತು ವರ್ಷ ಕೂಗಿ ಹಾಡಿದೆ. ಮಂದಿ ಶಾಬಾಶ್ ಅಂದರು. ಅದು ವಾದ ಅಲ್ಲ, ಹೆದರಿಕಿ ಅಂತ ನನಗೊಬ್ಬನಿಗೇ ಗೊತ್ತಿತ್ತು.

ನಮ್ಮ ಹಿಂದಿನವರಿಗೆ ಈ ಹೆದರಿಕಿ ಇರಲಿಲ್ಲ ಅಂತ ಅಲ್ಲ. ಆದರ ದೊಡ್ಡ ಕಲಾವಿದರು ಅದನ್ನ ದಾಟಿದರು. ಮರಾಠಿಯ ಬಾಲಗಂಧರ್ವರು (1888–1967) ಹೆಣ್ಣಿನ ಪಾರ್ಟು ಮಾಡಿದರ ದೊಡ್ಡ ದೊಡ್ಡ ಮನೆತನದ ಹೆಣ್ಣುಮಕ್ಕಳು ಅವರಂಗ ಸೀರಿ ಉಡಲಿಕ್ಕೆ ಕಲಿತರು. ನಮ್ಮ ಸವದತ್ತಿ ತಾಲೂಕಿನ ಏಣಗಿ ಬಾಳಪ್ಪನವರು 1914ರಲ್ಲಿ ಹುಟ್ಟಿ, 2017ರಲ್ಲಿ ತೀರಿಕೊಂಡರು. ನೂರಾ ಮೂರು ವರ್ಷದ ಬಾಳು. ಸಣ್ಣಂದಿರತ ಹೆಣ್ಣಿನ ಪಾರ್ಟು ಮಾಡಿದ ಅವರೇ ಮುಂದ ‘ಜಗಜ್ಯೋತಿ ಬಸವೇಶ್ವರ’ ನಾಟಕದಾಗ ಬಸವಣ್ಣ ಆದಾಗ ಮಂದಿ ಅವರ ಕಾಲಿಗೆ ಬೀಳತಿದ್ದರು. ಸಂಗ್ಯಾ ಬಾಳ್ಯಾ, ಶ್ರೀಕೃಷ್ಣ ಪಾರಿಜಾತ, ರಾಧಾನಾಟ ಇವೆಲ್ಲಾ ಸೀರಿ ಉಟ್ಟ ಗಂಡಸರ ಬಲದ ಮ್ಯಾಲೇ ಬದುಕಿ ಬಂದಾವ. ಆಟ ನೋಡಿ ಕೈ ಬಡಿಯೋ ಊರು, ಆಡಿದವನಿಗೆ ಹೆಣ್ಣು ಕೊಡೋದಿಲ್ಲ ಅಂದರ ಅದೆಂಥಾ ನ್ಯಾಯ?

ಇಷ್ಟು ಬರೆದು ನಿಲ್ಲಿಸಿದ್ದರ ನಾನು ಊರಿಗೆ ಬೈದು ಪಾರಾಗತಿದ್ದೆ. ಆದರ ನನ್ನ ತಪ್ಪನ್ನೂ ಬರೀಬೇಕು.

ಸಿನೆಮಾ ನೋಡಿ ಅತ್ತು ಬಂದು ಬಾಳ ವರ್ಷದ ಮ್ಯಾಲ ನನ್ನ ಮಮ್ಮಗ, ಮಗಳ ಮಗ, ಸಾಲಿ ಗ್ಯಾದರಿಂಗದಾಗ ಸತ್ಯಭಾಮಾನ ಪಾರ್ಟು ಮಾಡತೀನಿ ಅಂತ ಬಂದ. ಹದಿಮೂರು ವರ್ಷದ ಹುಡುಗ. ನನ್ನ ದನಿ ಅವನಿಗೆ ಬಂದದ. "ಅಜ್ಜಾ, ನೀ ಹೇಳಿಕೊಡು" ಅಂದ. ನಾನೇನಂದೆ? "ಗಂಡಸಾಗಿ ಹುಟ್ಟೀದಿ, ನಾಚಿಕಿ ಬರೂದಿಲ್ಲೇನು?" ಅಂದೆ. ನನ್ನ ಅಪ್ಪನ ಮಾತು ನನ್ನ ಬಾಯಾಗಿಂದ, ಒಂದು ಅಕ್ಷರ ಕೂಡ ಬದಲಾಗದಂಗ ಬಂತು. ಹಗ್ಗ ಒಂದು ಕೈಯಾಗ ಇರಲಿಲ್ಲ. ಹುಡುಗ ಆ ಪಾರ್ಟು ಬಿಟ್ಟ. ಅದರ ಸಂಗಾಟ ಹಾಡೋದನ್ನೂ ಬಿಟ್ಟ. ಭಜನಿಗೆ ಕರದರ ಬರೂದಿಲ್ಲ, ಮೊಬೈಲ್ ಹಿಡಕೊಂಡು ಮೂಲ್ಯಾಗ ಕೂಡತಾನ.

ಪಡದೆ ಮ್ಯಾಲಿನ ಗುಣಾಗಾಗಿ ಅತ್ತವ ನಾನು, ಮನ್ಯಾಗಿನ ಗುಣಾನ ಗುರ್ತು ಹಿಡೀಲಿಲ್ಲ. ಸಿನೆಮಾದಾಗ ಅತ್ತರ ಪುಕ್ಕಟೆ, ಖರ್ಚು ಏನೂ ಇಲ್ಲ. ಮನ್ಯಾಗ ಒಪ್ಪಿಕೊಳ್ಳಬೇಕಾದರ ನಾಕು ಮಂದಿ ಏನಂದಾರು ಅನ್ನೋ ಹೆದರಿಕಿ ದಾಟಬೇಕು. ಗಾಂಧಿ ನಾಟಕದ ಸಂಕಟಾನೂ ಇಂಥದೇ ಅಲ್ಲೇನು? ಊರಿಗೆಲ್ಲಾ ಹಾಡಿ ಬುದ್ಧಿ ಹೇಳಾಂವ, ಮನಿ ಹುಡುಗನ ಮಾತು ಕೇಳಿಸಿಕೊಳ್ಳಲಿಲ್ಲ.

ಅತುಲ್ ಕುಲಕರ್ಣಿ ಅವರಿಗೆ ಬಂದ ಪ್ರಶಸ್ತಿ ದೊಡ್ಡವು. 2022ರಲ್ಲಿ ‘ಲಾಲ್ ಸಿಂಗ್ ಚಡ್ಢಾ’ ಸಿನೆಮಾಕ್ಕ ಚಿತ್ರಕಥಿ ಬರೆದ ಲೇಖಕರೂ ಆದರು. ಬಡವರ ಮಕ್ಕಳ ಸಾಲಿ ಕಲಿಕೆಗೆ ದುಡಿಯೋ ‘ಕ್ವೆಸ್ಟ್’ ಸಂಸ್ಥೆಯ ಅಧ್ಯಕ್ಷರಾಗಿ ಕೆಲಸ ಮಾಡ್ಯಾರ. ಸಾತಾರಾ ಕಡೆ ಬರಡು ನೆಲದಾಗ ಗಿಡ ಹಚ್ಚಿ ಬೆಳೆಸ್ಯಾರ. ಇವೆಲ್ಲಾ ದೊಡ್ಡ ಮಾತು. ಆದರ ನಮ್ಮಂಥ ಹಳ್ಳಿಯವರಿಗೆ ಅವರ ಜೀವನದಿಂದ ಬೇಕಾದ್ದು ಒಂದೇ. ಇಂಜಿನಿಯರಿಂಗ್ ಬಿಟ್ಟು ನಾಟಕಕ್ಕೆ ಬಂದ ಹುಡುಗನಿಗೆ ಸೊಲ್ಲಾಪುರದ ಒಂದು ಸಣ್ಣ ನಾಟಕ ತಂಡ "ಬಾ, ಕೂಡು" ಅಂತು. ಆ ತಂಡ ಇಲ್ಲದಿದ್ದರ ದಿಲ್ಲಿ ಇಲ್ಲ, ರಾಷ್ಟ್ರ ಪ್ರಶಸ್ತಿ ಇಲ್ಲ, ಗುಣಾನೂ ಇಲ್ಲ. ಪ್ರತಿ ಊರಾಗ ಒಬ್ಬ ಹುಡುಗ ಇರತಾನ. "ಬಾ, ಕೂಡು" ಅನ್ನೋ ಮಂದಿ ಪ್ರತಿ ಊರಾಗ ಇರೂದಿಲ್ಲ.

ಹೋದ ತಿಂಗಳ ಅಮಾಸಿ ದಿವಸ ನಾನು ಮನಿ ಪಡಸಾಲ್ಯಾಗ ದಪ್ಪು ಇಟಕೊಂಡು ಕುಂತು, ಜೀವನದಾಗ ಮೊದಲನೇ ಸಲ ನಾಗೇಶಿ ಪದ ಎತ್ತಿದೆ. ಹೆಣ್ಣು ಹೆಚ್ಚು ಅನ್ನೋ ಪಕ್ಷ. ದನಿ ಮೊದಲಿನಂಗ ಇಲ್ಲ, ನಡುವ ಎರಡು ನುಡಿ ಮರತೆ. ಮಮ್ಮಗ ಬಾಗಿಲದಾಗ ನಿಂತಿದ್ದ. ಹುಡುಗನಿಗೆ ಹೇಳಿದೆ, "ತಪ್ಪು ನಂದು. ನಿನಗ ಮನಸಿದ್ದರ ಹೇಳಿಕೊಡತೀನಿ." "ಈಗ ದನಿ ಒಡದದ ಅಜ್ಜಾ" ಅಂದ. ಅಷ್ಟು ಅಂದು ಒಳಗ ಹೋದ. ದನಿ ಒಡದರ ಗಂಡಿನ ಪಾರ್ಟು ಅದ, ಹಲಗಿ ಅದ, ಪೇಟಿ ಅದ. ನಾನು ದಿನಾ ಸಂಜಿಕೆ ಕೂಡತೀನಿ. ಬರೋದು ಬಿಡೋದು ಅವಗ ಸೇರಿದ್ದು.

ವಾಚನಾಲಯದವರಲ್ಲಿ ನನ್ನ ವಿನಂತಿ. ಬರೋ ಜಾತ್ರಿಗೆ ನಮ್ಮ ಹುಡುಗರು, ಹುಡುಗೇರು ಕೂಡಿ ಒಂದು ಆಟ ಆಡಲಿ. ಯಾರು ಯಾವ ವೇಷ ಹಾಕಿದರೂ ಮರುದಿವಸ ಅವರನ್ನ ಅವರವರ ಹೆಸರಿನಿಂದಲೇ ಕರೀರಿ. ನನಗೆ ನನ್ನ ಹೆಸರು ತಿರುಗಿ ಬರಲಿಕ್ಕೆ ಹನ್ನೆರಡು ವರ್ಷ ಹಿಡೀತು.